ಜೀವನಾಂಶದ ಮೊತ್ತ ಯಾಕೆ ಅಲ್ಲೇ ನಿಂತಿದೆ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಅಡಿಕೆ ಸುಲಿಯುವ ಕೂಲಿಯನ್ನು ಪ್ರತಿ ಸುಗ್ಗಿಗೂ ಹೊಸದಾಗಿ ಮಾತಾಡಿಕೊಳ್ಳುತ್ತಾರೆ. ಹತ್ತು ವರ್ಷದ ಹಿಂದಿನ ದರಕ್ಕೆ ಮೆಟ್ಟುಕತ್ತಿಯ ಮುಂದೆ ಕೂರಿ ಎಂದರೆ ಹೆಂಗಸರು ನಕ್ಕು ಎದ್ದು ಹೋಗುತ್ತಾರೆ. ಆಟೋ ಬಾಡಿಗೆ ಏರುತ್ತದೆ, ಹೋಟೆಲಿನ ಚಹಾದ ಬೆಲೆ ಏರುತ್ತದೆ. ಮಸೀದಿಯ ಮಹಾಸಭೆ ಸೇರಿದಾಗ ಇಮಾಮರ ಸಂಬಳವೂ ಚರ್ಚೆಗೆ ಬರುತ್ತದೆ, ಬರಲೇಬೇಕು. ಏರದೆ ಇರುವುದು ಒಂದೇ: ತಲಾಖ್ ಪಡೆದ ಹೆಣ್ಣಿನ ಜೀವನಾಂಶ. ಅದನ್ನು ಒಮ್ಮೆ ಕೋರ್ಟು ಬರೆದರೆ, ಅಥವಾ ಜಮಾಅತಿನ ಹಿರಿಯರು ಛಾಪಾ ಕಾಗದದಲ್ಲಿ ಬರೆಸಿದರೆ, ಮುಗಿಯಿತು. ಅದು ಕಲ್ಲಿನ ಮೇಲೆ ಕೆತ್ತಿದ ಶಾಸನವಾಗಿಬಿಡುತ್ತದೆ.

ಕೊಪ್ಪ ತಾಲ್ಲೂಕಿನ ಒಬ್ಬ ಸಹೋದರಿಯನ್ನು ನಾವು ಮಾತಾಡಿಸಿದೆವು. 2014ರಲ್ಲಿ ಅವರಿಗೂ ಇಬ್ಬರು ಹೆಣ್ಣುಮಕ್ಕಳಿಗೂ ಸೇರಿ ತಿಂಗಳಿಗೆ 3 ಸಾವಿರ ರೂಪಾಯಿ ಎಂದು ಆದೇಶವಾಗಿತ್ತು. ಆಗ ಮಕ್ಕಳು ಅಂಗನವಾಡಿ, ಒಂದನೇ ತರಗತಿ. ಈಗ ದೊಡ್ಡವಳು ಪಿಯುಸಿ ಮುಗಿಸಿದ್ದಾಳೆ, ಚಿಕ್ಕವಳು ಪಿಯುಸಿಯಲ್ಲಿದ್ದಾಳೆ. ಮೊತ್ತ ಮಾತ್ರ ಅದೇ 3 ಸಾವಿರ. ಮೂವರಿಗೆ ದಿನಕ್ಕೆ ನೂರು ರೂಪಾಯಿ, ಅದೂ ಬಂದರೆ. "ಜಾಸ್ತಿ ಮಾಡಿ ಅಂತ ಕೇಳಬಹುದು ಎಂದು ಯಾರಾದರೂ ಹೇಳಿದ್ದರೇ?" ಎಂದು ಕೇಳಿದೆವು. ಅವರು ನಮ್ಮ ಮುಖವನ್ನೇ ನೋಡಿದರು. "ಕೋರ್ಟು ಬರೆದದ್ದನ್ನು ಮತ್ತೆ ಕೇಳಲಿಕ್ಕೆ ಆಗುತ್ತದಾ?" ಎಂಬುದು ಅವರ ಪ್ರಶ್ನೆ. ನಮ್ಮ ಪರಿಚಯದ ಜಮಾಅತ್ ಪದಾಧಿಕಾರಿಯೊಬ್ಬರ ಮುಂದೆ ಇದೇ ವಿಷಯ ಎತ್ತಿದಾಗ ಅವರು ಹೇಳಿದ್ದು, "ಅದು ಮುಗಿದ ವಿಷಯ ಅಲ್ವಾ?"

ಮುಗಿದದ್ದು ವಿವಾಹ. ಹಸಿವು ಮುಗಿದಿಲ್ಲ, ಕಾನೂನೂ ಮುಗಿದಿಲ್ಲ, ಶರೀಅತ್ ಅಂತೂ ಖಂಡಿತ ಮುಗಿದಿಲ್ಲ. ಈ ಮಾತನ್ನು ನಾವು ಇಲ್ಲಿ ಸ್ವಲ್ಪ ಖಾರವಾಗಿಯೇ ಹೇಳಬೇಕಾಗಿದೆ.

ಶಾಬಾನು ಮೊಕದ್ದಮೆಯ ಹೆಸರು ಕೇಳದ ಮುಸ್ಲಿಮರು ಈ ದೇಶದಲ್ಲಿ ಇರಲಾರರು. ಅದರ ಪರವಾಗಿ, ವಿರುದ್ಧವಾಗಿ ಗಂಟಲು ಹರಿದುಕೊಂಡವರು ಎಷ್ಟೋ ಮಂದಿ. ಆದರೆ ಅದು ಒಂದು ಆದೇಶವನ್ನು ಬದಲಾಯಿಸಿದ ಕಥೆ ಎಂಬುದನ್ನು ಎಷ್ಟು ಜನ ಗಮನಿಸಿದ್ದೇವೆ? ಇಂದೋರಿನ ಆ ವೃದ್ಧೆಯ ಮದುವೆ 1932ರಲ್ಲಿ ಆಗಿತ್ತು. 1975ರಲ್ಲಿ ಮನೆಯಿಂದ ಹೊರಹಾಕಲ್ಪಟ್ಟರು. 1978ರ ಏಪ್ರಿಲ್‌ನಲ್ಲಿ ತಿಂಗಳಿಗೆ 500 ರೂಪಾಯಿ ಕೇಳಿ ಅರ್ಜಿ ಹಾಕಿದರು. ವಕೀಲರಾಗಿದ್ದ ಪತಿ ಅದೇ ವರ್ಷದ ನವೆಂಬರ್‌ನಲ್ಲಿ ತಲಾಖ್ ನೀಡಿದರು. 1979ರ ಆಗಸ್ಟ್‌ನಲ್ಲಿ ಮ್ಯಾಜಿಸ್ಟ್ರೇಟರು ಕೊಟ್ಟದ್ದು ತಿಂಗಳಿಗೆ 25 ರೂಪಾಯಿ! ಪತಿಯ ವರಮಾನ ವರ್ಷಕ್ಕೆ ಸುಮಾರು 60 ಸಾವಿರ ಎಂದು ಆಕೆ ಹೇಳಿದ್ದರೂ ಬಂದದ್ದು ಇಪ್ಪತ್ತೈದು. ಮಧ್ಯಪ್ರದೇಶ ಹೈಕೋರ್ಟ್ 1980ರಲ್ಲಿ ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ದೇಶವನ್ನೇ ಅಲುಗಾಡಿಸಿದ ಮೊತ್ತ ಇಷ್ಟೇ. 1985ರ ಏಪ್ರಿಲ್ 23ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರು ಪತಿಯ ಮೇಲ್ಮನವಿಯನ್ನು ತಳ್ಳಿಹಾಕಿ, 10 ಸಾವಿರ ರೂಪಾಯಿ ಖರ್ಚನ್ನೂ ಹೇರಿದರು. ಆ ತೀರ್ಪಿನ ಸಮಾನ ನಾಗರಿಕ ಸಂಹಿತೆಯ ಮಾತು ಎಲ್ಲರ ಬಾಯಲ್ಲೂ ಓಡಾಡಿತು. ತೀರ್ಪಿನ ಕೊನೆಯಲ್ಲಿ ಇನ್ನೊಂದು ಮಾತಿದೆ, ಅದು ಯಾರ ಬಾಯಿಗೂ ಬರಲಿಲ್ಲ. ಪರಿಸ್ಥಿತಿ ಬದಲಾಗಿದೆ ಎಂದು ತೋರಿಸಿದರೆ 127ನೇ ಕಲಮಿನಡಿ ಮೊತ್ತ ಹೆಚ್ಚಿಸಲು ಆಕೆ ಮತ್ತೆ ಅರ್ಜಿ ಹಾಕಬಹುದು ಎಂಬುದೇ ಆ ಮಾತಿನ ತಾತ್ಪರ್ಯ. ನಲವತ್ತು ವರ್ಷ ನಾವು ಆ ತೀರ್ಪಿನ ಬಗ್ಗೆ ಜಗಳವಾಡಿದ್ದೇವೆ. ಹೆಣ್ಣುಮಗಳ ಅನ್ನಕ್ಕೆ ಸಂಬಂಧಪಟ್ಟ ಆ ಸಾಲನ್ನು ಮಾತ್ರ ಎರಡೂ ಕಡೆಯವರು ಓದದೆ ಬಿಟ್ಟಿದ್ದೇವೆ.

ಶರೀಅತ್ತಿನ ಹೆಸರಿನಲ್ಲಿ ಬಾಯಿ ಮುಚ್ಚಿಸುವವರಿಗೆ ನಮ್ಮದೊಂದು ವಿನಂತಿ. ಪವಿತ್ರ ಕುರ್‌ಆನಿನ 'ಅತ್ತಲಾಖ್' ಅಧ್ಯಾಯದ 7ನೇ ವಚನವನ್ನು ತೆರೆದು ನೋಡಿ. ಅನುಕೂಲಸ್ಥನು ತನ್ನ ಅನುಕೂಲಕ್ಕೆ ತಕ್ಕಂತೆ, ಕೈ ಬಿಗಿಯಾದವನು ತನಗೆ ದೊರೆತದ್ದಕ್ಕೆ ತಕ್ಕಂತೆ ಖರ್ಚು ಮಾಡಲಿ ಎಂಬ ಅರ್ಥದ ಅಪ್ಪಣೆ ಅಲ್ಲಿದೆ. 'ಅಲ್‌ಬಕರ'ದ 236ನೇ ವಚನದಲ್ಲೂ ಇದೇ ಅಳತೆ. 241ನೇ ವಚನ ವಿಚ್ಛೇದಿತ ಸ್ತ್ರೀಯರಿಗೆ ಮರ್ಯಾದೆಗೆ ತಕ್ಕ ಮತಾಅ್ ಕೊಡುವುದನ್ನು ದೇವಭಯವುಳ್ಳವರ ಹೊಣೆ ಎನ್ನುತ್ತದೆ. ಈ ವಚನಗಳಲ್ಲಿ ಎಲ್ಲಾದರೂ ಇಷ್ಟು ದಿರ್ಹಮ್, ಇಷ್ಟು ದೀನಾರ್ ಎಂಬ ಅಂಕಿ ಇದೆಯೇ? ಇಲ್ಲ. ಅಂಕಿಯ ಬದಲು ಅಳತೆಗೋಲನ್ನು ಕೊಡಲಾಗಿದೆ, ಅದು ಗಂಡಸಿನ ಸಾಮರ್ಥ್ಯ. ಸಾಮರ್ಥ್ಯ ಬದಲಾದರೆ ಮೊತ್ತ ಬದಲಾಗಬೇಕು ಎಂಬುದು ಆ ಅಳತೆಗೋಲಿನೊಳಗೇ ಇರುವ ತರ್ಕ. ಗಂಡ ಜಿಪುಣ ಎಂದು ಹಿಂದ್ ಬಿನ್ತ್ ಉತ್ಬಾ ದೂರು ತಂದಾಗ ಪ್ರವಾದಿ(ಸ)ಯವರು ಆಕೆಗೂ ಮಕ್ಕಳಿಗೂ ಸಾಕಾಗುವಷ್ಟನ್ನು ರೂಢಿಯಂತೆ ತೆಗೆದುಕೊಳ್ಳಲು ಅನುಮತಿಸಿದ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಆಕೆ ಆಗ ಪತ್ನಿ, ವಿಚ್ಛೇದಿತೆಯಲ್ಲ ಎಂಬ ವ್ಯತ್ಯಾಸ ನಮಗೂ ಗೊತ್ತು. ಅಲ್ಲಿ ಗಮನಿಸಬೇಕಾದದ್ದು 'ಸಾಕಾಗುವಷ್ಟು' ಎಂಬ ಮಾನದಂಡ.

ಇಲ್ಲಿ ಒಂದು ಸಂಗತಿಯನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಇದ್ದತ್ತಿನ ನಂತರವೂ ತಿಂಗಳು ತಿಂಗಳು ಜೀವನಾಂಶ ಕೊಡಬೇಕು ಎಂದು ಹಳೆಯ ಫಿಕ್‌ಹ್ ಗ್ರಂಥಗಳು ಹೇಳುವುದಿಲ್ಲ. ಮತಾಅ್ ಕೂಡ ಒಮ್ಮೆ ಕೊಡುವ ಕೊಡುಗೆ ಎಂದೇ ಅವುಗಳ ನಿಲುವು. ಆದರೆ ನಮ್ಮ ಮಲೆನಾಡಿನ ಬ್ಯಾರಿಗಳೂ ಮಲಯಾಳಂ ಮಾತಾಡುವವರೂ ಅನುಸರಿಸುವ ಶಾಫಿಈ ಮದ್‌ಹಬ್ ಆ ಮತಾಅನ್ನು, ದಾಂಪತ್ಯ ನಡೆಸಿದ ನಂತರ ವಿಚ್ಛೇದಿತಳಾದ ಹೆಣ್ಣಿಗೆ ಕಡ್ಡಾಯ ಎನ್ನುತ್ತದೆ. ಹನಫಿಗಳಲ್ಲಿ ಅದು ಅಪೇಕ್ಷಣೀಯ. ಕಡ್ಡಾಯವಾದದ್ದನ್ನು ನಮ್ಮ ಯಾವ ಜಮಾಅತ್ ಕಟ್ಟುನಿಟ್ಟಾಗಿ ಕೊಡಿಸಿದೆ? ಮೂರು ತಿಂಗಳ ಇದ್ದತ್ತಿನ ಖರ್ಚು, ಮದುವೆಯ ದಿನ ಬರೆದ ಮಹರಿನ ಬಾಕಿ, ಇಷ್ಟನ್ನು ಕೈಗಿಟ್ಟು 'ಇನ್ನು ಯಾವ ಹಕ್ಕೂ ಇಲ್ಲ' ಎಂದು ಹೆಬ್ಬೆಟ್ಟು ಒತ್ತಿಸಿಕೊಳ್ಳುವುದನ್ನು ಶರೀಅತ್ ಎಂದು ಕರೆಯಬೇಡಿ. ಅದು ಗಂಡಸರ ಲೆಕ್ಕಾಚಾರ.

ಈಗ ಕಾನೂನಿನ ಮಾತು. ದಂಡ ಪ್ರಕ್ರಿಯಾ ಸಂಹಿತೆಯ 125ರಿಂದ 128ರವರೆಗಿನ ಕಲಮುಗಳು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ರಿಂದ 147ಕ್ಕೆ ಬಂದು ಕುಳಿತಿವೆ. ಮೊತ್ತ ಬದಲಾವಣೆಯ ಹಳೆಯ 127ನೇ ಕಲಮೇ ಈಗಿನ 146. ಪಡೆಯುವವರ ಅಥವಾ ಕೊಡುವವರ ಪರಿಸ್ಥಿತಿ ಬದಲಾಗಿದೆ ಎಂದು ರುಜುವಾತಾದರೆ ಮ್ಯಾಜಿಸ್ಟ್ರೇಟರು ಮೊತ್ತವನ್ನು ಹೆಚ್ಚಿಸಬಹುದು, ಕಡಿಮೆಯೂ ಮಾಡಬಹುದು. ಮೊದಲು ಇದ್ದ ತಿಂಗಳಿಗೆ 500 ರೂಪಾಯಿಯ ಮಿತಿ 2001ರ ತಿದ್ದುಪಡಿಯಲ್ಲಿ ಹೋಯಿತು. ಆದರೂ ಮೊತ್ತ ತಾನಾಗಿ ಏರುವುದಿಲ್ಲ. ಯಾರೋ ಅರ್ಜಿ ಹಾಕಬೇಕು, ದಾಖಲೆ ತರಬೇಕು, ಕೂಲಿ ಬಿಟ್ಟು ಬಸ್ಸು ಹತ್ತಬೇಕು. ನಮ್ಮ ಕಡೆ ಸರ್ಕಾರಿ ಬಸ್ಸುಗಳೇ ಕಡಿಮೆ, ಹಾಗಾಗಿ 'ಶಕ್ತಿ'ಯ ಉಚಿತ ಟಿಕೆಟ್ ಕೂಡ ಎಷ್ಟೋ ಹಳ್ಳಿಗಳ ಹೆಂಗಸರಿಗೆ ಕೈಗೆಟುಕದ ದ್ರಾಕ್ಷಿ.

ಗಂಡಸಿನ ಪರಿಸ್ಥಿತಿಯೂ ಬದಲಾಗುತ್ತದೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಈ ಮೂರು ತಾಲ್ಲೂಕುಗಳಲ್ಲಿ ಹಳದಿ ಎಲೆ ರೋಗ ತಿಂದ ಅಡಿಕೆ ತೋಟಗಳನ್ನು ನೋಡಿದವರಿಗೆ ಅದು ಗೊತ್ತು. ಅದರ ಮೇಲೆ ಎಲೆ ಚುಕ್ಕಿ ರೋಗವೂ ಬಂತು. ಕಾರ್ಮಿಕರೇ ಕಟ್ಟಿ 1991ರಿಂದ ನಡೆಸಿದ ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತುಹೋದಾಗ ಎಷ್ಟೋ ಚಾಲಕ, ನಿರ್ವಾಹಕರ ಸಂಬಳವೂ ನಿಂತಿತು. ಅಂಥವನು ಕೋರ್ಟಿಗೆ ಹೋಗಿ, ಸ್ವಾಮಿ, ನನ್ನ ಕೈಲಾಗದು, ಕಡಿಮೆ ಮಾಡಿ ಎಂದರೆ ಅದು ನ್ಯಾಯ. ಕಾನೂನು ಅವನಿಗೂ ಬಾಗಿಲು ತೆರೆದಿದೆ, 'ಅತ್ತಲಾಖ್' ಅಧ್ಯಾಯವೂ ತೆರೆದಿದೆ. ನಮ್ಮ ತಕರಾರು ಅವನ ಮೇಲಲ್ಲ. ಅಡಿಕೆಗೆ ಬೆಲೆ ಬಂದ ವರ್ಷ ಬಾಯಿ ಮುಚ್ಚಿಕೊಂಡಿದ್ದು, ಬೆಲೆ ಇಳಿದ ವರ್ಷ ವಕೀಲರ ಮನೆಗೆ ಓಡುವವನ ಮೇಲೆ. ಕೋರ್ಟಿನಲ್ಲಿ ಕೂಲಿಯವನಂತೆ ನಿಂತು, ಹೊರಗೆ ಹೊಸ ಪಿಕಪ್ ಓಡಿಸುವವನ ಮೇಲೆ. ಇಂಥವರಿಗಾಗಿಯೇ ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ, ಜೀವನಾಂಶದ ಮೊಕದ್ದಮೆಯಲ್ಲಿ ಇಬ್ಬರೂ ತಮ್ಮ ಆಸ್ತಿ, ವರಮಾನ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು ಎಂದು ನಿರ್ದೇಶಿಸಿತು. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಿಸಬೇಕು ಎಂದೂ ಹೇಳಿತು.

"ನನಗೆ ಈಗ ಇನ್ನೊಂದು ಸಂಸಾರ ಇದೆ" ಎಂಬುದು ಅತಿ ಹೆಚ್ಚು ಕೇಳಿಬರುವ ನೆಪ. ಇದಕ್ಕೆ ನಮ್ಮದೇ ಹೈಕೋರ್ಟು 2021ರ ಅಕ್ಟೋಬರ್‌ನಲ್ಲಿ ಉತ್ತರ ಕೊಟ್ಟಿದೆ. ಬೆಂಗಳೂರಿನ ಆ ಪ್ರಕರಣದಲ್ಲಿ ಮಹರ್ 5 ಸಾವಿರ ರೂಪಾಯಿ, ಮದುವೆಯಾದ ಕೆಲವೇ ತಿಂಗಳಲ್ಲಿ, 1991ರಲ್ಲಿ ತಲಾಖ್. ಆತ ಮತ್ತೆ ಮದುವೆಯಾಗಿ ಮಗುವಿನ ತಂದೆಯೂ ಆದ. ಆಕೆ ಮರುಮದುವೆಯಾಗದೆ 2002ರಲ್ಲಿ ದಾವೆ ಹೂಡಿದರು. 2011ರಲ್ಲಿ ತಿಂಗಳಿಗೆ 3 ಸಾವಿರದ ಡಿಕ್ರಿ. ಅದನ್ನು ವಸೂಲು ಮಾಡಲು ಮತ್ತೆ ಕೋರ್ಟು. ಕೊನೆಗೆ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು ಆತನ ಅರ್ಜಿಯನ್ನು 25 ಸಾವಿರ ರೂಪಾಯಿ ದಂಡದೊಡನೆ ವಜಾ ಮಾಡಿದರು. ಮುಸ್ಲಿಮ್ ವಿವಾಹ ಕರಾರು ಎಂಬುದು ನಿಜ, ಆದರೆ ಕರಾರು ಮುರಿದ ಮಾತ್ರಕ್ಕೆ ಎಲ್ಲ ಹೊಣೆಯೂ ಅಳಿದುಹೋಗುವುದಿಲ್ಲ, ಹೊಸ ಹೆಂಡತಿ ಮಕ್ಕಳನ್ನು ತೋರಿಸಿ ಹಳೆಯವಳ ಅನ್ನ ತಪ್ಪಿಸಲಾಗದು ಎಂಬುದು ತೀರ್ಪಿನ ಸಾರ. ಅವರು ಅಲ್ಲಿ ಆಧಾರಕ್ಕೆ ತಂದವುಗಳಲ್ಲಿ ಕುರ್‌ಆನಿನ ಅದೇ 241ನೇ ವಚನವೂ ಇತ್ತು. ನಮ್ಮ ಖುತ್ಬಾಗಳಲ್ಲಿ ಕೇಳಿಬರಬೇಕಾದದ್ದು ಹೈಕೋರ್ಟಿನ ಪೀಠದಿಂದ ಕೇಳಿಬಂತು ಎನ್ನುವಾಗ ನಮಗೆ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚು. ಜೊತೆಗೆ ಇನ್ನೊಂದು ಲೆಕ್ಕವನ್ನೂ ಮಾಡಿ: ತಲಾಖಿನಿಂದ ಈ ತೀರ್ಪಿನವರೆಗೆ 30 ವರ್ಷ, ಮೊತ್ತ 3 ಸಾವಿರ.

ಎರಡನೆಯ ನೆಪ, "ಅವಳೂ ದುಡಿಯುತ್ತಾಳಲ್ಲ!" ಸುಗ್ಗಿಯ ಎರಡು ಮೂರು ತಿಂಗಳು ಅಡಿಕೆ ಸುಲಿದು, ಕಾಫಿ ಕುಯ್ದು, ಮಳೆಗಾಲದಲ್ಲಿ ಕೈಕಟ್ಟಿ ಕೂರುವ ಹೆಣ್ಣನ್ನು ತೋರಿಸಿ 'ಸ್ವಂತ ವರಮಾನ ಇದೆ' ಎಂದು ವಾದಿಸುತ್ತಾರೆ. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿಯ 2 ಸಾವಿರವನ್ನೂ ಅವಳ ಆದಾಯಕ್ಕೆ ಸೇರಿಸಿ ಮಾತಾಡುವವರನ್ನು ನಾವು ಕಂಡಿದ್ದೇವೆ. ಸರ್ಕಾರ ಕೊಟ್ಟರೆ ತಾನು ಕೊಡಬೇಕಿಲ್ಲ ಎಂಬ ಗಂಡಸುತನಕ್ಕೆ ಏನೆನ್ನೋಣ! ತನ್ನನ್ನು ತಾನು ಪೋಷಿಸಿಕೊಳ್ಳಲಾಗದವಳು ಎಂದರೆ ಭಿಕ್ಷೆಗಿಳಿದವಳು ಎಂದರ್ಥವಲ್ಲ, ಗಂಡ ಬಿಟ್ಟ ಮೇಲೆ ಹೇಗೋ ಉಸಿರು ಹಿಡಿದುಕೊಳ್ಳಲು ಆಕೆ ಮಾಡುವ ದುಡಿಮೆಯನ್ನು ಅವಳ ವಿರುದ್ಧವೇ ತಿರುಗಿಸಬಾರದು ಎಂಬರ್ಥದಲ್ಲಿ ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿಯಾಗಿದೆ.

ಇನ್ನು ಇಡಿಗಂಟಿನ ವಿಷಯ. ಜಮಾಅತಿನ ಪಂಚಾಯತಿಗಳಿಗೆ ಇದು ಬಹಳ ಪ್ರಿಯ, ಯಾಕೆಂದರೆ ಒಂದೇ ದಿನಕ್ಕೆ ಕೈತೊಳೆದುಕೊಳ್ಳಬಹುದು. 1986ರ ಮುಸ್ಲಿಮ್ ಮಹಿಳಾ ಕಾಯ್ದೆಯೂ ಇದ್ದತ್ತಿನೊಳಗೆ ನ್ಯಾಯಯುತ ವ್ಯವಸ್ಥೆ ಮಾಡಿ ಮುಗಿಸುವ ದಾರಿ ಹಿಡಿಯಿತು. ಆ ವ್ಯವಸ್ಥೆ ಇದ್ದತ್ತಿನ ಮೂರು ತಿಂಗಳಿಗೆ ಮಾತ್ರವಲ್ಲ, ಆಕೆಯ ಮುಂದಿನ ಬದುಕಿಗೂ ಸಾಲಬೇಕು ಎಂದು 2001ರ ಸೆಪ್ಟೆಂಬರ್‌ನಲ್ಲಿ ಡ್ಯಾನಿಯಲ್ ಲತೀಫಿ ಪ್ರಕರಣದಲ್ಲಿ ಐವರು ನ್ಯಾಯಾಧೀಶರು ಹೇಳಿದರು. ಒಳ್ಳೆಯದೇ. ಆದರೆ ಇಪ್ಪತ್ತೈದರ ಹೆಣ್ಣಿನ ಮುಂದಿನ ನಲವತ್ತು ವರ್ಷಗಳಿಗೆ ಬೇಕಾಗುವಷ್ಟನ್ನು ತೋಟದ ಕೂಲಿಯೊಬ್ಬ ಮೂರು ತಿಂಗಳಲ್ಲಿ ಎಲ್ಲಿಂದ ತರಬೇಕು? ಅವನು ತರುವುದಿಲ್ಲ, ಪಂಚಾಯತಿ ಸಣ್ಣ ಅಂಕಿಗೆ ಇಳಿಯುತ್ತದೆ, ಆಕೆ ಸಹಿ ಮಾಡುತ್ತಾಳೆ. ಆ ಕಾಯ್ದೆಯ ಏಳು ಕಲಮುಗಳಲ್ಲಿ ಮೊತ್ತವನ್ನು ಮುಂದೆ ಪರಿಷ್ಕರಿಸುವ ಕಲಮೇ ಇಲ್ಲ. ಹೀಗಾಗಿಯೇ 2024ರ ಜುಲೈ 10ರ ತೀರ್ಪು ಮುಖ್ಯ. ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಆಗಸ್ಟಿನ್ ಜಾರ್ಜ್ ಮಸೀಹ್ ಅವರು, ವಿಚ್ಛೇದಿತ ಮುಸ್ಲಿಮ್ ಮಹಿಳೆಗೆ 125ನೇ ಕಲಮಿನ ದಾರಿಯೂ ತೆರೆದೇ ಇದೆ, 1986ರ ಕಾಯ್ದೆ ಅದನ್ನು ಮುಚ್ಚಿಲ್ಲ ಎಂದು ಸ್ಪಷ್ಟಪಡಿಸಿದರು. ಆ ದಾರಿಯಲ್ಲಿ ಹೋದವಳಿಗೆ ಮಾತ್ರ ಮೊತ್ತ ಬದಲಾವಣೆಯ ಕಲಮು ಸಿಗುತ್ತದೆ.

ಆ ಕಲಮಿನಲ್ಲಿ ಒಂದು ಉರುಳೂ ಇದೆ, ಎಚ್ಚರ. ವೈಯಕ್ತಿಕ ಕಾನೂನಿನ ಪ್ರಕಾರ ವಿಚ್ಛೇದನದ ಹೊತ್ತಿಗೆ ಸಲ್ಲಬೇಕಾದದ್ದೆಲ್ಲ ಆಕೆಗೆ ಸಂದಿದ್ದರೆ ಆದೇಶ ರದ್ದಾಗಬಹುದು. ಮಹರ್ ಕೊಟ್ಟಾಯಿತು ಎಂದು ಗಂಡಂದಿರು ಹಿಡಿಯುವ ಅಸ್ತ್ರ ಇದೇ. 1978ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು, ಕೊಟ್ಟ ಮೊತ್ತ ಜೀವನಾಂಶಕ್ಕೆ ತಕ್ಕ ಬದಲಿಯಾಗಿರಬೇಕು, ನಾಮಕಾವಾಸ್ತೆಯ ದುಡ್ಡು ಸಾಲದು ಎಂದು ಆ ಅಸ್ತ್ರದ ಮೊನೆ ಮುರಿದರು. ಇನ್ನೊಂದು ಉಪಕಲಮು ಹೆಚ್ಚು ಅಪಾಯಕಾರಿ. ಹೆಣ್ಣು ತಾನೇ ವಿಚ್ಛೇದನ ಪಡೆದು, ಬಳಿಕ ಸ್ವ ಇಚ್ಛೆಯಿಂದ ಜೀವನಾಂಶದ ಹಕ್ಕನ್ನು ಬಿಟ್ಟುಕೊಟ್ಟಿದ್ದರೆ ಆದೇಶ ರದ್ದು. ಖುಲಾ ಕೇಳಿ ಬಂದ ಹೆಣ್ಣುಮಕ್ಕಳಿಂದ ನಮ್ಮಲ್ಲಿ ಬರೆಸಿಕೊಳ್ಳುವ ಕಾಗದಗಳನ್ನು ನೋಡಿ. ಹೊಡೆತ ತಿಂದು, ಬಿಡುಗಡೆಯಾದರೆ ಸಾಕು ಎಂದು ಬಂದವಳ ಸಹಿಯಲ್ಲಿ ಸ್ವ ಇಚ್ಛೆ ಎಷ್ಟಿರುತ್ತದೆ ಎಂಬುದು ಕಾಗದ ಬರೆದವರಿಗೂ ಗೊತ್ತಿರುತ್ತದೆ. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯನ್ನು, ಅದರಿಂದ ಗಿರೀಶ ಕಾಸರವಳ್ಳಿಯವರು 2004ರಲ್ಲಿ ಮಾಡಿದ 'ಹಸೀನಾ' ಚಿತ್ರವನ್ನು ನೋಡಿ ಕೋಪಗೊಂಡ ನಮ್ಮವರಿದ್ದಾರೆ. ಸಮುದಾಯದ ಮರ್ಯಾದೆ ಹೋಯಿತಂತೆ! ಮಸೀದಿಯ ಮುಂದೆ ನ್ಯಾಯ ಕೇಳಿ ಕುಳಿತ ಹೆಣ್ಣಿನ ಕಥೆ ಬರೆದದ್ದರಿಂದ ಮರ್ಯಾದೆ ಹೋಯಿತೋ, ಕೂರಿಸಿದ್ದರಿಂದಲೋ?

1986ರ ಕಾಯ್ದೆ ಬಂದಾಗ ಶರೀಅತ್ ಉಳಿಯಿತು ಎಂದು ಸಂಭ್ರಮಿಸಿದವರಿಗೆ ಅದರ 4ನೇ ಕಲಮನ್ನೂ ನೆನಪಿಸಬೇಕು. ಇದ್ದತ್ತಿನ ನಂತರ ತನ್ನನ್ನು ಪೋಷಿಸಿಕೊಳ್ಳಲಾಗದ, ಮರುಮದುವೆಯಾಗದ ಹೆಣ್ಣಿಗೆ ಅವಳ ವಾರಸುದಾರ ಸಂಬಂಧಿಕರು, ಅವರಿಗೂ ಆಗದಿದ್ದರೆ ರಾಜ್ಯದ ವಕ್ಫ್ ಮಂಡಳಿ ಜೀವನಾಂಶ ಕೊಡುವಂತೆ ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ನಾವೇ ಬೀದಿಗಿಳಿದು ತಂದ ಕಾಯ್ದೆ, ನಮ್ಮದೇ ವಕ್ಫ್. ಮಂಡಳಿಯ ಬಾಗಿಲಿಗೆ ಈ ಕಲಮನ್ನು ಹಿಡಿದು ಹೋಗುವಂತೆ ಒಬ್ಬ ಹೆಣ್ಣುಮಗಳಿಗೆ ದಾರಿ ತೋರಿಸಿದ ಜಮಾಅತ್ ಕಮಿಟಿಯನ್ನು ನಾವಿನ್ನೂ ನೋಡಬೇಕಾಗಿದೆ.

ಹೊರಗಿನಿಂದ ಮುಸ್ಲಿಮ್ ಹೆಣ್ಣಿಗಾಗಿ ಕಣ್ಣೀರು ಸುರಿಸುವವರಿಗೂ ಒಂದು ಮಾತು. ನಿಂತುಹೋದ ಮೊತ್ತಕ್ಕೆ ಧರ್ಮವಿಲ್ಲ. ಹಿಂದೂ ವಿವಾಹ ಕಾಯ್ದೆಯ 25ನೇ ಕಲಮಿನಲ್ಲೂ ಪರಿಸ್ಥಿತಿ ಬದಲಾದರೆ ಜೀವನಾಂಶ ಬದಲಾಯಿಸುವ ಅವಕಾಶವಿದೆ, ಅಲ್ಲೂ ಹೆಣ್ಣೇ ಮತ್ತೆ ಮೆಟ್ಟಿಲು ಹತ್ತಬೇಕು. ಕೊಪ್ಪದ ಕೋರ್ಟಿನ ಜಗಲಿಯಲ್ಲಿ ಬುರ್ಖಾದವಳ ಪಕ್ಕದಲ್ಲಿ ಕುಂಕುಮದವಳೂ ಅದೇ ಮುಂದಿನ ತಾರೀಕಿಗಾಗಿ ಕಾದಿರುತ್ತಾಳೆ. ನಮ್ಮ ಮನೆಯ ಕೊಳೆಯನ್ನು ನಾವು ತೊಳೆಯುತ್ತೇವೆ, ಆ ನೆಪದಲ್ಲಿ ತಮ್ಮ ಮನೆ ಸ್ವಚ್ಛ ಎಂದುಕೊಳ್ಳುವುದು ಬೇಡ.

ಹಾಗಾದರೆ ಮಾಡಬೇಕಾದದ್ದೇನು? 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೊಲ್ಕತ್ತಾದ ಹಿಂದೂ ದಂಪತಿಯ ಪ್ರಕರಣವೊಂದರಲ್ಲಿ ತಿಂಗಳಿಗೆ 50 ಸಾವಿರ ನಿಗದಿಪಡಿಸಿ, ಪ್ರತಿ ಎರಡು ವರ್ಷಕ್ಕೊಮ್ಮೆ ಅದು ಶೇಕಡ 5ರಷ್ಟು ತಾನಾಗಿ ಏರಬೇಕು ಎಂದು ಆದೇಶದಲ್ಲೇ ಬರೆಯಿತು. 50 ಸಾವಿರದ ಮಾತು ನಮ್ಮವರಿಗೆ ಕನಸು. ಆದರೆ ಆ ಎರಡನೆಯ ಸಾಲು 3 ಸಾವಿರದ ಆದೇಶಕ್ಕೂ ಹೊಂದುತ್ತದೆ. ಮೊದಲ ಅರ್ಜಿಯಲ್ಲೇ ವಕೀಲರು ಅದನ್ನು ಕೇಳಲಿ. ಜಮಾಅತಿನ ರಾಜಿಪತ್ರದಲ್ಲೂ ಅದು ಬರಲಿ, 'ಇನ್ನು ಯಾವ ಹಕ್ಕೂ ಇಲ್ಲ' ಎಂಬ ವಾಕ್ಯ ಹೋಗಲಿ. ಏರಿಕೆ ಅವನಿಗೆ ನಿಜಕ್ಕೂ ಭಾರವಾದರೆ ಅವನೇ ಕೋರ್ಟಿಗೆ ಹೋಗಿ ಕೇಳಲಿ. ಇಷ್ಟು ದಿನ ಅಲೆದದ್ದು ಆಕೆ, ಇನ್ನು ಮುಂದೆ ಬಸ್ ಟಿಕೆಟ್ಟಿನ ಖರ್ಚು ಅವನದ್ದಾಗಲಿ.

ಹಳೆಯ ಆದೇಶ ಕೈಯಲ್ಲಿರುವವರು ಇಷ್ಟನ್ನು ತಿಳಿದಿರಬೇಕು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರು ಕಡೆಯೂ ಕೋರ್ಟುಗಳಿವೆ. 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ, ವರಮಾನ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಬೇಕು. ಮಕ್ಕಳ ಶಾಲಾ ಕಾಲೇಜಿನ ಶುಲ್ಕದ ರಸೀದಿ, ಆಸ್ಪತ್ರೆಯ ಚೀಟಿ, ಮನೆ ಬಾಡಿಗೆಯ ಲೆಕ್ಕ ಒಂದನ್ನೂ ಎಸೆಯಬಾರದು. ಪರಿಸ್ಥಿತಿ ಬದಲಾಗಿದೆ ಎಂಬುದಕ್ಕೆ ಅವೇ ಸಾಕ್ಷಿ. ಗಂಡ ಕೊಡದೆ ಉಳಿಸಿಕೊಂಡ ಬಾಕಿಗೆ ವಾರಂಟು ಕೇಳಬಹುದು, ಆಗಲೂ ಕೊಡದಿದ್ದರೆ ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು. ಆದರೆ ಬಾಕಿ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಈ ವಾರಂಟಿನ ದಾರಿ ಮುಚ್ಚುತ್ತದೆ.

ನಾವು ಮಾತಾಡಿಸಿದ ಸಹೋದರಿಗೆ ಈಗ ಹತ್ತು ತಿಂಗಳ ಬಾಕಿ ಬರಬೇಕಾಗಿದೆ. "ಅಡಿಕೆ ಸುಲಿಯೋದು ಮುಗಿಯಲಿ, ಆಮೇಲೆ ಹೋಗ್ತೇನೆ" ಎಂದರು. ಅಷ್ಟು ಕಾಯಬೇಡಿ, ಮೊದಲ ತಿಂಗಳುಗಳ ಹಣ ಕೈತಪ್ಪುತ್ತದೆ ಎಂದು ಹೇಳಿ, ಎರಡು ಅರ್ಜಿಗಳಿಗೆ ಬೇಕಾದ ಕಾಗದಗಳ ಪಟ್ಟಿ ಬರೆದುಕೊಟ್ಟು ಬಂದಿದ್ದೇವೆ. ಒಂದು ಬಾಕಿಗೆ, ಇನ್ನೊಂದು ಆ 3 ಸಾವಿರವನ್ನು ಬದಲಾಯಿಸುವುದಕ್ಕೆ.